ಪ್ಯಾರಿಸ್ ಅಜ್ಜನ ಗೋಡೆ

ಹೋದ ಚಳಿಗಾಲದವರೆಗೆ, ಸ್ಯಾನ್ ಹೋಸೆ ಕಡೆಯ ಡಬ್ಲಿನ್ನಿನ ನಮ್ಮ ಮನೆಯ ಹಾಲಿನಲ್ಲಿ ಒಂದು ಮೊಳೆಯೂ ಇರಲಿಲ್ಲ. ಬಂದವರು ಬೋಳು ಗೋಡೆ ನೋಡಿ, ಈಗ ತಾನೇ ಶಿಫ್ಟ್ ಆದ್ರಾ ಎಂದು ಕೇಳುತ್ತಿದ್ದರು. ಅಯ್ಯೋ ಇಲ್ಲ, ಬಂದು ಯಾವ ಕಾಲವಾಯಿತೋ, ಮೊಳೆ ಹೊಡೆಯುವಷ್ಟು ತ್ರಾಣ ಇಲ್ಲ ಅಷ್ಟೇ, ಎನ್ನುತ್ತಿದ್ದೆ. ಅವರು ನಗುತ್ತಿದ್ದರು. ನಾನು ನಗಿಸಲಿಕ್ಕೆ ಹೇಳಿದ್ದಲ್ಲ. ಆಫೀಸು, ಫ್ರೀವೇ, ಮಗಳ ಈಜಿನ ಕ್ಲಾಸು, ಅಮ್ಮನ ಬಿಪಿ ಮಾತ್ರೆ, ಮತ್ತೆ ಫ್ರೀವೇ. ಇದರ ಮಧ್ಯೆ ಗೋಡೆಗೆ ಏನು ಹಾಕಲಿ ಎಂದು ಕೂತು ಯೋಚಿಸುವುದು ಯಾರ ಕೈಲಾಗುತ್ತದೆ? ಅಲ್ಲದೆ ಚಿಕ್ಕವಳಿದ್ದಾಗ ಹೇವರ್ಡಿನ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಒಂದು ಗೋಡೆ ನೋಡಿಕೊಂಡು ಬೆಳೆದಿದ್ದೇನೆ. ಅದು ಈ ಜನ್ಮಕ್ಕೆ ಸಾಕು ಅಂದುಕೊಂಡಿದ್ದೆ.

ಆ ಮನೆಯಲ್ಲಿ ಹಾಲು, ಅಡುಗೆಮನೆ ಎಂದು ಬೇರೆ ಬೇರೆ ಇರಲಿಲ್ಲ. ಬಾಗಿಲು ತೆರೆದರೆ ಶೂ ಬಿಡುವ ಜಾಗ, ಶೂ ಪಕ್ಕಕ್ಕೆ ಸೋಫಾ, ಸೋಫಾದಿಂದ ಕೈ ಚಾಚಿದರೆ ಒಲೆ. ಕಿಟಕಿಯಾಚೆ ಸಾಲಾಗಿ ಗೋದಾಮುಗಳು. ಅವುಗಳಲ್ಲಿ ಒಂದು ಬ್ರೆಡ್ಡಿನದು, ಬೆಳಕು ಹರಿಯುವ ಮೊದಲೇ ಅದರ ವಾಸನೆ ನಮ್ಮ ಹಾಸಿಗೆವರೆಗೂ ಬರುತ್ತಿತ್ತು. ಆ ವಾಸನೆಗೆ ಅಮ್ಮ ಏಳುತ್ತಿದ್ದಳು. ಅಮ್ಮ ಮಂಡ್ಯದ ಕಡೆಯವಳು, ಇಂಜಿನಿಯರು. ದಿನಾ ಸೇತುವೆ ದಾಟಿ, ಕೊಲ್ಲಿಯ ಆಚೆ ದಡದ ಒಂದು ಕಂಪನಿಯಲ್ಲಿ ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವ ಕೆಲಸ. ಅಪ್ಪ ಧಾರವಾಡದವರು, ಚಿತ್ರ ಬರೆಯುವವರು. ವೀಸಾದ ಪ್ರಕಾರ ಅಪ್ಪ ಅಮ್ಮನ ಡಿಪೆಂಡೆಂಟು. ನನ್ನನ್ನು ಸ್ಕೂಲಿಗೆ ಬಿಡುವುದು, ಅಡುಗೆ, ಗ್ರೋಸರಿ ಎಲ್ಲಾ ಅಪ್ಪನದೇ. ಉಳಿದ ಹೊತ್ತಿನಲ್ಲಿ ಒಲೆ ಮತ್ತು ಸೋಫಾದ ನಡುವಿನ ಜಾಗದಲ್ಲಿ ಈಸೆಲ್ ನಿಲ್ಲಿಸಿಕೊಂಡು ಚಿತ್ರ. ಪಾರ್ಟಿಗಳಲ್ಲಿ ಗಂಡಸರು ಅಪ್ಪನನ್ನು ಏನು ಕೆಲಸ ಎಂದು ಕೇಳುತ್ತಿದ್ದರು. ಚಿತ್ರ ಬರೀತೀನ್ರಿ ಎಂದರೆ, ಅದು ಸರಿ, ಕೆಲಸ ಏನು ಎಂದು ಇನ್ನೊಂದು ಸಲ ಕೇಳುತ್ತಿದ್ದರು.

ಜಗಳ ಹೆಚ್ಚಾಗಿ ಊಟದ್ದೇ. ಅಪ್ಪನಿಗೆ ರೊಟ್ಟಿ ಬೇಕು, ಅಮ್ಮನಿಗೆ ಮುದ್ದೆ. ಅಪ್ಪ ಜೋಳದ ರೊಟ್ಟಿಯನ್ನು ಲಟ್ಟಿಸುತ್ತಿರಲಿಲ್ಲ, ಕೈಯಲ್ಲೇ ಪಟಪಟ ಬಡಿಯುತ್ತಿದ್ದರು. ಕೆಳಗಿನ ಮನೆಯ ಮುದುಕಿ ಪೊರಕೆಯ ಹಿಡಿಯಿಂದ ತನ್ನ ಸೂರಿಗೆ ಗುದ್ದುತ್ತಿದ್ದಳು. ಅಪ್ಪ ಇನ್ನೂ ಜೋರಾಗಿ ಬಡಿಯುತ್ತಿದ್ದರು. ಮುದ್ದೆಗೆ ಸದ್ದಿಲ್ಲ ನೋಡಿ, ಅಮ್ಮ ಅನ್ನುತ್ತಿದ್ದಳು, ನಮ್ಮೋರು ಮಾನವಂತರು.

ಇನ್ನು ಆ ಗೋಡೆ. ನಮ್ಮ ಪರಿಚಯದವರ ಮನೆಗಳಲ್ಲಿ ಗೋಡೆ ಎಂದರೆ ಒಂದು ದೇವರ ಕ್ಯಾಲೆಂಡರು, ಒಂದು ಮದುವೆ ಫೋಟೋ, ಮೇಲೆ ಸೂರಿನ ಹತ್ತಿರ ಹಾರ ಹಾಕಿದ ಹಿರಿಯರು. ನಮ್ಮಲ್ಲಿ ಸಾಲಾಗಿ ಪ್ಯಾರಿಸ್ಸಿನ ಚಿತ್ರಗಾರರು. ಅವರು ಬರೆದ ಚಿತ್ರಗಳಲ್ಲ, ಅವರನ್ನೇ ಗೇಲಿ ಮಾಡಿ ಬರೆದ ಚಿತ್ರಗಳು. ಸ್ಯಾನ್ ಹೋಸೆಯ ಫ್ಲೀ ಮಾರ್ಕೆಟ್ಟಿನಲ್ಲಿ ಯಾರೋ ಹಳೇ ಕಾಗದದ ಕಟ್ಟೊಂದನ್ನು ಹಳೇ ಚಮಚಗಳ ಜೊತೆ ಹರಡಿಕೊಂಡಿದ್ದರು. ಅಪ್ಪ ಅದರ ಮುಂದೆ ಕೂತವರು ಬಿಸಿಲು ನೆತ್ತಿಗೆ ಬಂದರೂ ಏಳಲಿಲ್ಲ. ಹಿಂದಿನ ಶತಮಾನಕ್ಕೂ ಹಿಂದೆ ಪ್ಯಾರಿಸ್ಸಿನಲ್ಲಿ ನಗೆಪತ್ರಿಕೆಗಳು ಬರುತ್ತಿದ್ದವಂತೆ. ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಒತ್ತುವ ಕಲ್ಲಚ್ಚು. ನಮ್ಮ ಅಜ್ಜಿಯರ ಕಾಲದ ಲಕ್ಷ್ಮೀ ಸರಸ್ವತಿ ಪಟಗಳೂ ಅದೇ ವಿದ್ಯೆಯಿಂದ ಬಂದವು. ಇವು ಮಾತ್ರ ಪತ್ರಿಕೆಯ ಹಾಳೆಗಳಾದ್ದರಿಂದ, ಬೆಳಕಿಗೆ ಹಿಡಿದರೆ ಮನುಷ್ಯರ ಮುಖದೊಳಗಿಂದ ಹಿಂಬದಿಯ ಫ್ರೆಂಚ್ ಅಕ್ಷರಗಳು ಇಣುಕುತ್ತಿದ್ದವು. ಅಪ್ಪ ಮರದ ಪಟ್ಟಿ ತಂದು ತಾವೇ ಚೌಕಟ್ಟು ಹಾಕಿದರು. ಪ್ರತಿ ಚಿತ್ರದ ಕೆಳಗಿನ ಎರಡು ಸಾಲು ಮಾತು ಅರ್ಥವಾಗಲಿ ಎಂದು ಲೈಬ್ರರಿಯಿಂದ ಫ್ರೆಂಚ್ ನಿಘಂಟು ತಂದರು. ಊಟದ ಮೇಜಿನ ಒಂದು ಕಡೆ ಅಮ್ಮ ನನಗೆ ಕನ್ನಡ ಅಕ್ಷರ ತಿದ್ದಿಸುತ್ತಿದ್ದರೆ ಇನ್ನೊಂದು ಕಡೆ ಅಪ್ಪ ಭೂತಗನ್ನಡಿ ಹಿಡಿದು ಫ್ರೆಂಚ್ ಓದುತ್ತಿದ್ದರು.

ಒಂದರಲ್ಲಿ ಅಂಗಡಿಯ ಶೆಟ್ಟರಂಥ ದಪ್ಪ ಗಂಡ ಹೆಂಡತಿ. ಪ್ಯಾರಿಸ್ಸಿನಲ್ಲಿ ಸರ್ಕಾರದ್ದೇ ಒಂದು ದೊಡ್ಡ ಚಿತ್ರಪ್ರದರ್ಶನ ಆಗುತ್ತಿತ್ತು, ಅಲ್ಲಿ ಚಿತ್ರ ತೂಗಿದರೆ ಚಿತ್ರಗಾರ ಬದುಕಿದ, ಇಲ್ಲದಿದ್ದರೆ ಸತ್ತ ಎನ್ನುವ ಹಾಗೆ. ಗೋಡೆಯ ಬುಡದಿಂದ ಸೂರಿನವರೆಗೂ ಚಿತ್ರಗಳು. ದೊಡ್ಡವರದು ಕಣ್ಣಿನ ಮಟ್ಟಕ್ಕೆ, ಬಡಪಾಯಿಗಳದು ಮೇಲೆ. ಈ ದಂಪತಿ ದುಡ್ಡು ಕೊಟ್ಟು ತಮ್ಮ ಚಿತ್ರ ಬರೆಸಿದ್ದಾರೆ, ಹೊಸ ಬಟ್ಟೆ ಹಾಕಿಕೊಂಡು ನೋಡಲು ಬಂದಿದ್ದಾರೆ. ನಾವೆಲ್ಲಿ ಎಂದು ಹೆಂಡತಿ ಕೇಳಿದರೆ, ಅಗೋ ಅಲ್ಲಿ, ಜೇಡರ ಬಲೆಯ ಪಕ್ಕ ಎನ್ನುತ್ತಾನೆ ಗಂಡ. ಇನ್ನೊಂದರಲ್ಲಿ ಆಯ್ಕೆ ಸಮಿತಿಯ ಮುದುಕರು ಸಾಲಾಗಿ ಕುರ್ಚಿಯಲ್ಲಿ ನಿದ್ದೆ ಮಾಡುತ್ತಾ, ನಿದ್ದೆಯಲ್ಲೇ ಬೇಡ ಎಂದು ಕೈ ಎತ್ತಿದ್ದಾರೆ. ಮತ್ತೊಂದರಲ್ಲಿ ಬೇಡವಾದ ಚಿತ್ರವನ್ನೇ ತಲೆಯ ಮೇಲೆ ಹಿಡಿದುಕೊಂಡು ಮಳೆಯಲ್ಲಿ ಮನೆಗೆ ನಡೆದಿರುವ ಚಿತ್ರಗಾರ. ಇದೆಲ್ಲ ನನಗೆ ಬಾಯಿಪಾಠ. ಬೇರೆ ಮಕ್ಕಳಿಗೆ ಪಂಚತಂತ್ರದ ಕಥೆ ಗೊತ್ತಿದ್ದ ಹಾಗೆ ನನಗೆ ಪ್ಯಾರಿಸ್ಸಿನ ಬಾಡಿಗೆ ಮನೆಗಳ ಕಥೆ ಗೊತ್ತಿತ್ತು.

ನನಗೆ ಪಾಪ ಅನ್ನಿಸುತ್ತಿದ್ದದ್ದು ಒಬ್ಬನನ್ನು ಕಂಡರೆ. ಬಡಕಲ, ಉದ್ದ ಮೂಗು, ಚಳಿಗೆ ತಲೆಗೆ ಬಟ್ಟೆ ಸುತ್ತಿಕೊಂಡಿದ್ದ. ಅದು ನಮ್ಮ ಉತ್ತರ ಕರ್ನಾಟಕದ ರುಮಾಲಿನ ಹಾಗೇ ಕಾಣುತ್ತಿತ್ತು.

"ನೋಡ ಅವ್ವಿ," ಅಪ್ಪ ಹೇಳುತ್ತಿದ್ದರು, "ಇವನ ಮನ್ಯಾಗ ಇರೂದು ಒಂದ ಕೌದಿ. ಅದನ್ನ ಚಿತ್ರಕ್ಕ ಹೊಚ್ಚ್ಯಾನ, ಬಣ್ಣಕ್ಕ ಥಂಡಿ ಆಗಬಾರದು ಅಂತ. ಹಿಂದ ಮೂಲ್ಯಾಗ ನೋಡು, ಹೇಂತಿ ನಡಗಾಕತ್ತಾಳ."

"ಆ ಕೌದಿ ಒಗೆಯೋರು ಯಾರು ಅಂತ ಕೇಳೇ ನಿಮ್ಮಪ್ಪನ್ನ," ಅಮ್ಮ ಒಗೆದ ಬಟ್ಟೆ ಮಡಿಸುತ್ತಾ ಅನ್ನುತ್ತಿದ್ದಳು.

"ಇವರನ್ನ ಯಾಕೆ ಹೀಗೆ ಆಡಿಕೊಳ್ತಾರೆ ಅಪ್ಪಾ?" ಎಂದು ನಾನು ಒಂದು ದಿನ ಕೇಳಿದೆ.

"ರಾಜನ್ನ ಅಣಕಸಬ್ಯಾಡ್ರಿ ಅಂತ ಕಾಯ್ದೆ ಬಂತು. ಬರಿಯೂ ಕೈ ಸುಮ್ಮನ ಇರತಾವೇನು? ಮನಿ ಮಾಲಕರು, ವಕೀಲರು, ಡಾಕ್ಟರು, ಕಡೀಕ ತಮ್ಮ ಜಾತಿ ಚಿತ್ರಗಾರರು, ಎಲ್ಲಾರನೂ ಹಿಡಕೊಂಡ್ರು. ಆದ್ರ ಒಂದು ಮಾತು ನೆನಪಿಡು. ನೆಟ್ಟಗ ನೋಡದ ಯಾರಿಗೂ ಅಣಕಸಾಕ ಬರೂದಿಲ್ಲ. ಮೂಗು ಎಷ್ಟು ಉದ್ದ, ಹೇಂತಿ ಎಲ್ಲಿ ನಿಂತಾಳ, ಕೌದಿಗೆ ಎಷ್ಟು ತ್ಯಾಪಿ ಐತಿ, ಎಲ್ಲಾ ನೋಡಬೇಕು. ಪ್ರದರ್ಶನಕ್ಕ ಬಂದ ಮಂದಿ ಇವನ ಚಿತ್ರ ನೋಡಲಿಲ್ಲ. ಅಣಕಿಸಿದಂವ ನೋಡಿದ."

ಶುಕ್ರವಾರ ಪೂಜೆಯಾದ ಮೇಲೆ ಉಳಿದ ಹೂವನ್ನು ಅಮ್ಮ ನನ್ನ ಕೈಗೆ ಕೊಡುತ್ತಿದ್ದಳು. ನಾನು ಕುರ್ಚಿ ಹತ್ತಿ ಆ ರುಮಾಲಿನವನ ಚೌಕಟ್ಟಿಗೆ ಸಿಕ್ಕಿಸುತ್ತಿದ್ದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆಂದು ಫ್ರೀಮಾಂಟಿನಿಂದ ಪದ್ಮಾ ಆಂಟಿ ಬಂದರು. ಹಾಸನದವರು, ಅಮ್ಮನ ಆಫೀಸಿನ ಗೆಳತಿ, ಬಾಯಿ ಜೋರು, ಮನಸ್ಸು ಬೆಣ್ಣೆ. ದೇವರ ಗೂಡಿಗೆ ಕೈ ಮುಗಿದು ತಿರುಗಿದವರು, ಪಕ್ಕದಲ್ಲೇ ಎತ್ತರದಲ್ಲಿ ಹೂ ಮುಡಿದುಕೊಂಡಿದ್ದ ರುಮಾಲಿನವನನ್ನು ಕಂಡರು.

"ಇವರು ನಿಮ್ಮ ಮಾವನೋರಾ ಸರೋಜಾ?"

ಅಮ್ಮನಿಗೆ ಆ ದಿನ ಏನಾಗಿತ್ತೋ. ಬೆಳಗಿನಿಂದ ಆಫೀಸು, ಬಂದು ಒಬ್ಬಟ್ಟು. ವಿವರಿಸುವುದಕ್ಕೆ ಬೇಜಾರಾಗಿರಬೇಕು.

"ಹೂಂ ಕಣ್ ಪದ್ಮಾ," ಅಂದಳು. "ನಮ್ಮ ಮಾವನೋರು."

"ಪಾಪ, ಎಷ್ಟು ಬಡಕಲಾಗಿದ್ರು! ಏನಾಗಿತ್ತು?"

"ಚಳಿ ಕಣ್ ಪದ್ಮಾ. ಹೊದಿಯೋಕೆ ಇರಲಿಲ್ಲ."

ಪದ್ಮಾ ಆಂಟಿ ಕಣ್ಣು ಮುಚ್ಚಿ, ಕೈ ಮುಗಿದು, ತುಟಿ ಅಲ್ಲಾಡಿಸಿ ಏನೋ ಹೇಳಿಕೊಂಡರು. ಒಲೆಯ ಮುಂದೆ ನಿಂತಿದ್ದ ಅಪ್ಪ ಮುಖವನ್ನು ಫ್ರಿಜ್ಜಿನೊಳಗೆ ಇಟ್ಟುಕೊಂಡರು. ಆಂಟಿ ಹೋದ ಮೇಲೆ ನಾವು ಮೂವರೂ ನೆಲದ ಮೇಲೆ ಬಿದ್ದು ನಕ್ಕೆವು. ಕೆಳಗಿನ ಮುದುಕಿ ಗುದ್ದಿದಳು. ಆವತ್ತಿನಿಂದ ಅವನು ಪ್ಯಾರಿಸ್ ಅಜ್ಜ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಅಪ್ಪ ಒಂದು ಪೇಪರ್ ಪ್ಲೇಟಿನಲ್ಲಿ ವಡೆ ಇಟ್ಟು ಅವನ ಕೆಳಗಿಟ್ಟರು. ತಿನ್ನಪಾ, ನಿನ್ನ ಹೆಸರು ಗೊತ್ತಿಲ್ಲ, ಅಂದರು. ನಮ್ಮ ಹಿರೀಕರು ಸಿಟ್ಟಾಗ್ತಾರೆ ಕಣ್ರೀ ಎಂದು ಅಮ್ಮ ಬೈದಳು, ಆದರೆ ಪ್ಲೇಟು ತೆಗೆಯಲಿಲ್ಲ. ಅದು ಪ್ರತಿ ವರ್ಷದ ಪದ್ಧತಿಯಾಯಿತು.

ಇಷ್ಟು ಹೇಳಿದರೆ ನಗುನಗುತ್ತಾ ಇದ್ದ ಮನೆ ಅನ್ನಿಸಬಹುದು. ಇರಲಿಲ್ಲ. ನಮ್ಮ ಮನೆಯ ಮುಖ್ಯ ಸ್ಥಿತಿ ಸುಸ್ತು. ಅಮ್ಮ ವಾರವೆಲ್ಲಾ ಸೇತುವೆ ದಾಟಿ, ಭಾನುವಾರವೂ ಕಾರು ತೆಗೆಯಬೇಕಾಗಿತ್ತು, ಯಾಕೆಂದರೆ ಅಪ್ಪನಿಗೆ ಗಿಲ್‌ರಾಯ್‌ನ ಬೆಳ್ಳುಳ್ಳಿ ಹೊಲಗಳನ್ನು ಬರೆಯುವ ಹುಚ್ಚು ಹಿಡಿದಿತ್ತು. ಅಪ್ಪನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಮೂರು ಸಲ ಟೆಸ್ಟಿಗೆ ಹೋಗಿ, ಮೂರು ಸಲವೂ ರಸ್ತೆ ಬಿಟ್ಟು ಬೆಟ್ಟ ನೋಡಿದ್ದರಂತೆ. ಅಮ್ಮ ಗಂಟೆಗಟ್ಟಲೆ ಓಡಿಸಿ, ಹೊಲದ ಅಂಚಿನಲ್ಲಿ ಕಾರು ನಿಲ್ಲಿಸಿ, ಸೀಟು ಹಿಂದಕ್ಕೆ ಬಗ್ಗಿಸಿ ಮಲಗಿಬಿಡುತ್ತಿದ್ದಳು. ಬಾಯಿ ತೆರೆದುಕೊಂಡು, ಕೈಯಲ್ಲಿ ಕಾರಿನ ಕೀ ಹಿಡಿದುಕೊಂಡೇ. ಅಪ್ಪ ಬಿಸಿಲಲ್ಲಿ ನಿಂತು ಬರೆಯುತ್ತಿದ್ದರು. ನಾನು ಹಿಂದಿನ ಸೀಟಿನಲ್ಲಿ ಹೋಮ್‌ವರ್ಕ್ ಮಾಡುತ್ತಾ ಅಮ್ಮನ ಮುಖದ ಮೇಲಿನ ನೊಣ ಓಡಿಸುತ್ತಿದ್ದೆ. ವಾಪಸು ಬರುವಾಗ ಕಾರೆಲ್ಲಾ ಬೆಳ್ಳುಳ್ಳಿ. ಇಷ್ಟು ವಾಸನೆ ಕುಡಿದರೂ ಒಂದು ಒಗ್ಗರಣೆ ಕಾಣಲಿಲ್ಲ ಎಂದು ಅಮ್ಮ ಗೊಣಗುತ್ತಿದ್ದಳು.

ಮನೆಗೆ ಬಂದ ಕೂಡಲೇ ಅಪ್ಪ ಹಸಿ ಚಿತ್ರವನ್ನು ಸೋಫಾಕ್ಕೆ ಒರಗಿಸಿ ನಿಲ್ಲಿಸುತ್ತಿದ್ದರು. ಅಮ್ಮ ಬಗ್ಗಿ ಶೂ ಬಿಚ್ಚುತ್ತಿರುತ್ತಿದ್ದಳು.

"ಸರೂ, ನೋಡು."

"ಚೆನ್ನಾಗಿದೆ ಕಣ್ರೀ."

ತಲೆ ಎತ್ತುತ್ತಿರಲಿಲ್ಲ. ಎತ್ತಿದರೂ ಕಣ್ಣು ಒಲೆಯ ಕಡೆಗೆ. ಅಪ್ಪನ ಮುಖ ಆಗ ಹೇಗಾಗುತ್ತಿತ್ತು ಎಂದು ನೋಡುತ್ತಿದ್ದದ್ದು ನಾನೊಬ್ಬಳೇ. ಪಾರ್ಟಿಯ ಗಂಡಸರು ಕೆಲಸ ಏನು ಎಂದು ಎರಡು ಸಲ ಕೇಳಿದರೆ ಅಪ್ಪ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಚಿತ್ರ ಮಾರಾಟವಾಗದಿದ್ದರೂ ಸರಿ. ಅವರಿಗೆ ಬೇಕಾಗಿದ್ದದ್ದು ಅಮ್ಮ ಒಂದು ಸಲ, ಒಂದೇ ಸಲ, ಒಂದು ಚಿತ್ರದ ಮುಂದೆ ನಿಂತು ನೋಡುವುದು. ತನ್ನನ್ನು ಸಾಕುತ್ತಿರುವ ಹೆಂಗಸಿಗೆ ತಾನು ಮಾಡುತ್ತಿರುವುದೇನು ಎಂದು ಗೊತ್ತಿರಬೇಕು ಎಂಬ ಆಸೆ. ಅದನ್ನು ಬಾಯಿಬಿಟ್ಟು ಕೇಳಲಿಕ್ಕೆ ಸಂಕೋಚ. ಕೇಳಿಸಿಕೊಳ್ಳಲಿಕ್ಕೆ ಅಮ್ಮನಿಗೆ ಪುರುಸೊತ್ತಿಲ್ಲ.

ಕೊನೆಗೆ ಅಪ್ಪನದೂ ಒಂದು ಪ್ರದರ್ಶನವಾಯಿತು. ಊರಿನ ಲೈಬ್ರರಿಯ ಮೀಟಿಂಗ್ ರೂಮಿನ ಗೋಡೆ, ಒಂದು ಶನಿವಾರ ಮಧ್ಯಾಹ್ನ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಎಲ್ಲವನ್ನೂ ಕಣ್ಣಿನ ಮಟ್ಟಕ್ಕೇ ತೂಗಿಸಿದರು, ಜೇಡರ ಬಲೆಯ ಪಕ್ಕ ಒಂದನ್ನೂ ಇಡಲಿಲ್ಲ. ಅಮ್ಮನಿಗೆ ಶನಿವಾರವೂ ಆಫೀಸು, ಸೇತುವೆಯ ಮೇಲೆ ಬೇರೆ ಯಾವುದೋ ಆಕ್ಸಿಡೆಂಟು. ಅವಳು ಬರುವಷ್ಟರಲ್ಲಿ ಜನ ಬಂದಾಗಿತ್ತು. ಪದ್ಮಾ ಆಂಟಿ ಒಂದು ದೊಡ್ಡ ಡಬ್ಬಿ ಅವಲಕ್ಕಿ ಚೂಡಾ ಮಾಡಿಕೊಂಡು ಬಂದಿದ್ದರು. ಅಮ್ಮ ಬಂದವಳೇ ಬ್ಯಾಗು ಕೆಳಗಿಟ್ಟು, ಬಾಗಿಲಲ್ಲೇ ನಿಂತು ಚೂಡಾ ಹಂಚತೊಡಗಿದಳು. ಯಾರೋ ಅವಳನ್ನು ಕೇಳಿದರು, ಮೇಡಂ, ನಿಮಗೆ ಇದರಲ್ಲಿ ಯಾವುದು ಇಷ್ಟ? ಅಮ್ಮ ಚಮಚ ಆಡಿಸುತ್ತಾ ಅಂದಳು, ಎಲ್ಲಾ ಚೆನ್ನಾಗಿವೆ. ಅಪ್ಪ ಹಿಂದೆಯೇ ನಿಂತಿದ್ದರು.

ಮನೆಗೆ ಬಂದು ಬಾಗಿಲು ಹಾಕಿದ್ದೇ ತಡ ಶುರುವಾಯಿತು.

"ಒಂದಾರ ನೋಡೀಯೇನು ನೀನು? ಒಂದಾರ?"

"ನೋಡಿದೀನಿ ಕಣ್ರೀ."

"ಏನ ನೋಡೀ? ಚೂಡಾದ ಡಬ್ಬಿ ನೋಡೀ. ಆ ಪದ್ಮಕ್ಕ ಸೈತ ಪ್ಯಾರಿಸ್ ಅಜ್ಜಗ ಎರಡು ನಿಮಿಷ ನಿಂತು ಕೈ ಮುಗದ್ರು. ಇಷ್ಟು ವರ್ಷದಾಗ ನನ್ನ ಮುಂದ ನೀ ಅಷ್ಟೂ ನಿಂತಿಲ್ಲ. ನಾ ನಿಂಗ ಏನು, ಮನಿ ಸಾಮಾನೇನು?"

ಅಮ್ಮ ಅಳಲಿಲ್ಲ, ತಿರುಗಿ ಬೈಯಲೂ ಇಲ್ಲ. ಶೂ ಹಾಕಿಕೊಂಡೇ ಸೋಫಾದ ಅಂಚಿನಲ್ಲಿ ಕೂತಿದ್ದಳು.

"ನನಗೆ ತುಂಬಾ ಸುಸ್ತಾಗಿದೆ ಕಣ್ರೀ," ಅಂದಳು. "ಜಗಳ ನಾಳೆ ಆಡೋಣ."

ಆ ಮಾತು ಆಗ ನನಗೆ ಬಹಳ ಕ್ರೂರ ಅನ್ನಿಸಿತ್ತು. ಈಗ ವಾರಕ್ಕೆ ಒಂದು ಸಲವಾದರೂ ನನ್ನ ಬಾಯಲ್ಲೇ ಬರುತ್ತದೆ.

ಮರುದಿನ ಭಾನುವಾರ. ಗಿಲ್‌ರಾಯ್‌ಗೆ ಹೋಗಲಿಲ್ಲ. ಅಪ್ಪ ನನ್ನನ್ನು ಕರೆದುಕೊಂಡು ಸುಮ್ಮನೆ ಗೋದಾಮುಗಳ ಹಿಂದೆ ನಡೆದಾಡಿದರು. ವಾಪಸು ಬಂದಾಗ ಗೋಡೆಯ ಸಾಲಿನ ಕೊನೆಯಲ್ಲಿ ಹೊಸದೊಂದು ಹಾಳೆ ಟೇಪು ಹಚ್ಚಿ ಅಂಟಿಸಿತ್ತು. ಅಮ್ಮನ ಆಫೀಸಿನ ಪ್ರಿಂಟರಿನ ಹಾಳೆ, ಹಸಿರು ಪಟ್ಟಿಯದು, ಎರಡೂ ಅಂಚಿಗೆ ತೂತುಗಳಿದ್ದದ್ದು. ಅದರ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ಅಪ್ಪ.

ಅಮ್ಮ ಚಿತ್ರ ಬರೆದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಹಬ್ಬಕ್ಕೆ ಚುಕ್ಕಿ ರಂಗೋಲಿ ಹಾಕುತ್ತಿದ್ದಳು, ಕಾಲೇಜಿನಲ್ಲಿ ಇಂಜಿನಿಯರಿಂಗ್ ಡ್ರಾಯಿಂಗ್ ಮಾಡಿದ್ದಳು, ಅಷ್ಟೇ. ಆದರೆ ಅದು ಅಪ್ಪನೇ. ಮಂಕಿ ಕ್ಯಾಪಿನಿಂದ ಬದನೆಕಾಯಿಯಂತೆ ಜೋತುಬಿದ್ದ ಮೂಗು, ಒಂದು ಕಾಲು ಈಸೆಲ್ಲಿನ ಕಡೆಗೆ, ಇನ್ನೊಂದು ಒಲೆಯ ಕಡೆಗೆ. ಒಲೆಯ ಮೇಲೆ ಸಾರು ಉಕ್ಕಿ ಸುರಿಯುತ್ತಿದೆ. ಮೂಲೆಯಲ್ಲಿ ಸ್ಕೂಲ್ ಬ್ಯಾಗು ಹೊತ್ತ ನಾನು ನಿಂತಲ್ಲೇ ನಿದ್ದೆ. ಅಪ್ಪನ ಎಡಗೈಯಲ್ಲಿ ಬಣ್ಣ ಕಲಸುವ ಹಲಗೆಯ ಬದಲು ಒಂದು ಜೋಳದ ರೊಟ್ಟಿ, ಅದರ ಮೇಲೆ ಗುಪ್ಪೆಗುಪ್ಪೆಯಾಗಿ ಶೇಂಗಾ ಚಟ್ನಿಪುಡಿ, ಕೆಂಪು ಖಾರ, ಗುರೆಳ್ಳು ಪುಡಿ. ಕೆಳಗೆ ಪ್ಯಾರಿಸ್ಸಿನ ಚಿತ್ರಗಳಲ್ಲಿದ್ದ ಹಾಗೇ ಎರಡು ಸಾಲು ಮಾತು, ಅಮ್ಮನ ದುಂಡು ಅಕ್ಷರದಲ್ಲಿ:

"ಅಡುಗೆ ಆಯ್ತೇನ್ರೀ?"

"ಬೆಳಕು ಹೋಗಾಕತ್ತೈತಿ, ತಡಿ."

ನನಗೆ ನಗು ತಡೆಯಲಾಗಲಿಲ್ಲ. ಅಪ್ಪನ ಮುಖ ನೋಡಿ ಬಾಯಿಗೆ ಕೈ ಅಡ್ಡ ಹಿಡಿದೆ. ಅವರು ಹಾಳೆ ಕೀಳಲಿಲ್ಲ. ಆ ಗೋಡೆಗೆ ಹಾಕಿದ್ದನ್ನು ತೆಗೆಯಬಾರದು ಎಂಬುದು ಅವರೇ ಮಾಡಿದ್ದ ಕಾನೂನು. ಈಸೆಲ್ ಮಡಿಸಿ ಬಾಗಿಲ ಹಿಂದಿಟ್ಟರು. ಕುಂಚಗಳನ್ನು ತೊಳೆದು ಒಣಗಿಸಿ ಕಟ್ಟಿಟ್ಟರು. ಆ ವಾರ ರೊಟ್ಟಿ ಇಲ್ಲ, ಅದರ ಮುಂದಿನ ವಾರವೂ ಇಲ್ಲ. ಅನ್ನ, ಮೊಸರು, ಅಂಗಡಿಯ ಬ್ರೆಡ್ಡು. ಮನೆಯಲ್ಲಿ ಎಷ್ಟು ಮೌನವೆಂದರೆ, ಒಂದು ಸಂಜೆ ಕೆಳಗಿನ ಮುದುಕಿ ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟಿ, ಎವ್ರಿಥಿಂಗ್ ಓಕೆ ಎಂದು ಕೇಳಿದಳು. ಕೈಯಲ್ಲಿ ಪೊರಕೆ ಇರಲಿಲ್ಲ. ನಾನು ಓಕೆ ಎಂದೆ. ನನಗೆ ಹೆದರಿಕೆಯಾಗಿತ್ತು. ಅಪ್ಪ ಇನ್ನು ಬರೆಯುವುದಿಲ್ಲ, ಅಮ್ಮ ಅವರನ್ನು ಮುಗಿಸಿಬಿಟ್ಟಳು ಅಂದುಕೊಂಡೆ.

ಅಪ್ಪ ಆ ಹಾಳೆಯ ಮುಂದೆ ಹಾದುಹೋಗುವಾಗ ಮೊದಮೊದಲು ಮುಖ ತಿರುಗಿಸುತ್ತಿದ್ದರು. ಆಮೇಲೆ ನಿಧಾನ ಮಾಡುತ್ತಿದ್ದರು. ಹೀಗೇ ಒಂದು ಭಾನುವಾರ ಬೆಳಿಗ್ಗೆ, ಕಾಫಿ ಲೋಟ ಹಿಡಿದುಕೊಂಡು ಅದರ ಮುಂದೆ ನಿಂತೇಬಿಟ್ಟರು. ಅಮ್ಮ ಸೋಫಾದಲ್ಲಿ ಬಟ್ಟೆ ಮಡಿಸುತ್ತಿದ್ದಳು.

"ಮೂಗು ಬರೋಬ್ಬರಿ ಐತಿ," ಅಂದರು.

ಅಮ್ಮ ತಲೆ ಎತ್ತಲಿಲ್ಲ.

"ರೊಟ್ಟಿನೂ ಚೊಲೋ ಬಂದೈತಿ. ಆದ್ರ ಒಂದು ತಪ್ಪು ಮಾಡೀ. ಇವರ ಚಿತ್ರದಾಗ ಮೂಲ್ಯಾಗರ ಒಬ್ಬಾಕಿ ಹೇಂತಿ ಇರತಾಳ. ನಿನ್ನ ನೀ ಬರದ ಇಲ್ಲ."

"ಇದೀನಿ."

"ಎಲ್ಲಿದ್ದಿ?"

"ನೀವು ಎಲ್ಲಿ ಇಟ್ಟಿದೀರೋ ಅಲ್ಲೇ ಇದೀನಿ. ನೆಟ್ಟಗೆ ನೋಡಿ."

ಅಪ್ಪ ಭೂತಗನ್ನಡಿ ತಂದರು. ನಾನೂ ಕುರ್ಚಿ ಎಳೆದುಕೊಂಡು ಹತ್ತಿದೆ. ಅಮ್ಮ ಬರೆದ ಅಪ್ಪನ ಮುಂದೆ ಅಮ್ಮ ಬರೆದ ಈಸೆಲ್, ಅದರ ಮೇಲೆ ಅಂಚೆಚೀಟಿಯಷ್ಟೇ ದೊಡ್ಡ ಒಂದು ಚಿತ್ರ. ಅಲ್ಲಿಯವರೆಗೆ ನಾವಿಬ್ಬರೂ ಅದನ್ನು ಸುಮ್ಮನೆ ಗೀಚಿದ್ದು ಅಂದುಕೊಂಡಿದ್ದೆವು. ಗಾಜಿನ ಕೆಳಗೆ ಅದು ಗಿಲ್‌ರಾಯ್ ಆಯಿತು. ಅಪ್ಪನ ಗಿಲ್‌ರಾಯ್, ಸೋಫಾಕ್ಕೆ ಒರಗಿಸಿಟ್ಟಿದ್ದ ಚಿತ್ರ, ಗೆರೆಗೆ ಗೆರೆ. ಬೆಳ್ಳುಳ್ಳಿಯ ಸಾಲುಗಳು, ಹಿಂದೆ ಬೋಳು ಬೆಟ್ಟ, ವಾಲಿದ ಕರೆಂಟ್ ಕಂಬ, ಹೊಲದ ಅಂಚಿಗೆ ನಿಂತ ಕಾರು. ಕಾರಿನ ಕಿಟಕಿಯಲ್ಲಿ ಸಾಸಿವೆಯಷ್ಟು ಒಂದು ತಲೆ, ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದದ್ದು.

ಅಪ್ಪ ತಿರುಗಿ ಸೋಫಾದ ಪಕ್ಕದ ದೊಡ್ಡ ಚಿತ್ರವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಅಲ್ಲಿಯೂ ಕಾರು, ಕಾರಿನ ಕಿಟಕಿಯಲ್ಲಿ ಒಂದು ಕಂದು ಚುಕ್ಕೆ. ನಾನು ದಿನಾ ನೋಡುತ್ತಿದ್ದ ಚಿತ್ರ ಅದು, ಬಣ್ಣ ಸಿಡಿದ ಕಲೆ ಅಂದುಕೊಂಡಿದ್ದೆ. ಅಮ್ಮನನ್ನು ಅಲ್ಲಿ ಬರೆದಿದ್ದೇನೆ ಎಂದು ಅಪ್ಪ ಯಾರಿಗೂ ಹೇಳಿರಲಿಲ್ಲ.

"ಯಾವಾಗ ನೋಡಿದಿ?" ಅಪ್ಪನ ದನಿ ಸಣ್ಣಗಾಗಿತ್ತು.

"ಶೂ ಹಾಕಿಕೊಳ್ಳೋವಾಗ. ದಿನಾ ಬೆಳಿಗ್ಗೆ. ನೀವಿಬ್ಬರೂ ಎದ್ದಿರಲ್ಲ." ಅಮ್ಮ ಒಂದು ಟವೆಲ್ಲು ಮಡಿಸಿ ಇನ್ನೊಂದನ್ನು ತೆಗೆದುಕೊಂಡಳು. "ಚೆನ್ನಾಗಿದೆ ಅಂತ ಹೇಳ್ತಾನೇ ಇದೀನಲ್ಲ ನಾನು. ಇನ್ನೇನು ಹೇಳಬೇಕು? ನನಗೆ ನಿಮ್ಮ ಹಾಗೆ ಮಾತು ಬರಲ್ಲ." ಆಮೇಲೆ, "ಅಷ್ಟು ಅಗಲ ಬಾಯಿ ತೆರೆದು ಮಲಗ್ತೀನಾ ನಾನು?" ಎಂದು ಕೇಳಿದಳು.

ಅಪ್ಪ ಚಿತ್ರವನ್ನು ಇಟ್ಟು ಒಲೆಯ ಕಡೆಗೆ ಹೋದರು. ಡಬ್ಬಿಯಿಂದ ಜೋಳದ ಹಿಟ್ಟು ತೆಗೆದು, ನೀರು ಕುದಿಯಲಿಕ್ಕಿಟ್ಟು, ನಮಗೆ ಬೆನ್ನು ಮಾಡಿ ಬಹಳ ಹೊತ್ತು ಹಿಟ್ಟು ನಾದಿದರು. ಆಮೇಲೆ ಬಡಿಯತೊಡಗಿದರು. ಕೆಳಗಿನಿಂದ ಪೊರಕೆಯ ಗುದ್ದು ಬಂತು. ಆವತ್ತು ನನಗೆ ಆದ ಸಂತೋಷ ಆಮೇಲೆ ಯಾವ ಡಿಗ್ರಿ ಬಂದಾಗಲೂ ಆಗಲಿಲ್ಲ. ಅಪ್ಪ ಅಮ್ಮನ ಹಾಳೆಗೂ ಚೌಕಟ್ಟು ಹಾಕಿದರು, ತಮ್ಮ ಹತ್ತಿರವಿದ್ದ ಒಳ್ಳೆಯ ಮರದಲ್ಲಿ. ಅಮ್ಮ ಮತ್ತೆ ಚಿತ್ರ ಬರೆಯಲಿಲ್ಲ. ಬರಿ ಅಂದರೆ, ಹೇಳೋದು ಹೇಳಿ ಆಯ್ತಲ್ಲ ಅನ್ನುತ್ತಿದ್ದಳು. ಅಪ್ಪ ಹಸಿ ಚಿತ್ರ ತಂದು ನಿಲ್ಲಿಸಿದಾಗ ಆಮೇಲೂ ಅದೇ ಎರಡು ಮಾತು, ಚೆನ್ನಾಗಿದೆ ಕಣ್ರೀ. ಅಪ್ಪ ಅದಕ್ಕೆ ಸರಿ ಎಂದು ತಲೆಯಾಡಿಸುತ್ತಿದ್ದರು.

ಆ ಗೋಡೆ ಈಗಿಲ್ಲ. ಮನೆ ಬದಲಾಯಿಸುವಾಗ, ಮತ್ತೆ ಬದಲಾಯಿಸುವಾಗ, ಪತ್ರಿಕೆಯ ಕಾಗದ ಪುಡಿಪುಡಿಯಾಗುತ್ತಾ ಹೋಯಿತು. ಒಂದು ಮಳೆಗಾಲದಲ್ಲಿ ಗ್ಯಾರೇಜು ಸೋರಿ ಪ್ಯಾರಿಸ್ ಅಜ್ಜ ನೀರು ಕುಡಿದ. ಅಪ್ಪ ಅವನನ್ನು ಒಣಗಿಸಲು ಹೆಣಗಿದರು, ಆಗಲಿಲ್ಲ. ಕೊನೆಗೆ ಹೋದ ಚಳಿಗಾಲದಲ್ಲಿ ಅಪ್ಪನೂ ಹೋದರು. ತಿಥಿಗೆ ಹಾರ ಹಾಕಲು ಒಂದು ಫೋಟೋ ಬೇಕಿತ್ತು. ಫೋಟೋ ತೆಗೆಯುವುದೆಂದರೆ ಅಪ್ಪನಿಗೆ ಆಗುತ್ತಿರಲಿಲ್ಲ, ಯಾವುದು ನೋಡಿದರೂ ಮುಖ ತಿರುಗಿಸಿಕೊಂಡದ್ದೇ. ಪಾಸ್‌ಪೋರ್ಟಿನದು ಕಳ್ಳನ ಹಾಗಿತ್ತು. ನಾನು ಫೋನಿನಲ್ಲಿ ಹುಡುಕಿ ಹುಡುಕಿ ದಣಿದು ಕೂತಿದ್ದಾಗ ಅಮ್ಮ ತನ್ನ ಸೀರೆಗಳ ಕೆಳಗಿನಿಂದ ಆ ಚೌಕಟ್ಟು ತೆಗೆದುಕೊಂಡು ಬಂದಳು. ಹಸಿರು ಪಟ್ಟಿ ಮಾಸಿತ್ತು, ನೀಲಿ ಕೂಡ ಮಾಸಿತ್ತು. ಮೂಗು ಮಾಸಿರಲಿಲ್ಲ.

"ಇದನ್ನ ಹಾಕು."

"ಅಮ್ಮಾ, ತಿಥಿಗೆ ಇದಾ? ಜನ ಏನಂತಾರೆ?"

"ಅಂದ್ಕೊಳ್ಲಿ ಬಿಡು ಅತ್ಲಾಗೆ. ನಿಮ್ಮಪ್ಪ ಇದ್ದದ್ದು ಹೀಗೇನೇ. ಮೊಳೆ ಇದ್ಯಾ?"

ಹಾಗೆ ನಮ್ಮ ಡಬ್ಲಿನ್ ಮನೆಯ ಮೊದಲ ಮೊಳೆ ಬಿತ್ತು. ಗಂಧದ ಹಾರದ ನಡುವೆ ಮಂಕಿ ಕ್ಯಾಪು, ರೊಟ್ಟಿ, ಉಕ್ಕುವ ಸಾರು. ಬಂದವರು ಕೈ ಮುಗಿಯಲು ಹೋಗಿ, ಅರ್ಧಕ್ಕೇ ನಿಲ್ಲಿಸಿ, ನನ್ನ ಮುಖ ನೋಡಿ, ಪೂರ್ತಿ ಮಾಡುತ್ತಿದ್ದರು. ನನ್ನ ಮಗಳು ಕಿವಿಯಲ್ಲಿ, ವೈ ಈಸ್ ಅಜ್ಜ ಹೋಲ್ಡಿಂಗ್ ಅ ರೊಟ್ಟಿ ಎಂದು ಕೇಳಿದಳು. ಅಮ್ಮ ಮಾತ್ರ ಬಿಳಿಚಿದ ಮುಖದಲ್ಲಿ ಕುರ್ಚಿಯಲ್ಲಿ ಕೂತೇ ಇದ್ದಳು. ಅಷ್ಟೂ ದಿನ ಅತ್ತಿರಲಿಲ್ಲ, ಸರಿಯಾಗಿ ಮಾತೂ ಆಡಿರಲಿಲ್ಲ. ಅವಳನ್ನು ನೋಡಿದರೆ ನನಗೆ ಅಪ್ಪ ಹೋದದ್ದಕ್ಕಿಂತ ಹೆಚ್ಚು ಭಯವಾಗುತ್ತಿತ್ತು.

ಊಟದ ಹೊತ್ತಿಗೆ ಪದ್ಮಾ ಆಂಟಿ ಬಂದರು. ವಾಕರು ತಳ್ಳಿಕೊಂಡು, ಕಣ್ಣಿಗೆ ದಪ್ಪ ಕನ್ನಡಕ. ನೇರವಾಗಿ ಚಿತ್ರದ ಮುಂದೆ ಹೋಗಿ ನಿಂತರು. ಬಹಳ ಹೊತ್ತು ದಿಟ್ಟಿಸಿದರು. ಕಣ್ಣು ಮುಚ್ಚಿ, ಕೈ ಮುಗಿದು, ತುಟಿ ಅಲ್ಲಾಡಿಸಿದರು. ಆಮೇಲೆ ಬಂದು ಅಮ್ಮನ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತರು.

"ಮೂಗು ಥೇಟ್ ಅವರಪ್ಪಂದೇ ಕಣೇ ಸರೋಜಾ," ಅಂದರು. "ನಿಮ್ಮ ಹೇವರ್ಡ್ ಮನೇಲಿ ಇತ್ತಲ್ಲ, ರುಮಾಲು ಸುತ್ಕೊಂಡಿದ್ದ ಫೋಟೋ. ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ ನೋಡು."

ಅಮ್ಮ ತಲೆ ಎತ್ತಿ ನನ್ನನ್ನು ಹುಡುಕಿದಳು. ಸೆರಗು ಬಾಯಿಗೆ ಒತ್ತಿಕೊಂಡು, ಮೈಯೆಲ್ಲಾ ಕುಲುಕುವ ಹಾಗೆ ನಕ್ಕಳು, ನಗುನಗುತ್ತಲೇ ಅತ್ತುಬಿಟ್ಟಳು. ಪದ್ಮಾ ಆಂಟಿ ಗಾಬರಿಯಾಗಿ ಅವಳ ಬೆನ್ನು ಸವರುತ್ತಾ ಕೂತರು. ಬಹಳ ಹೊತ್ತಿನ ಮೇಲೆ ಅಮ್ಮ ಕಣ್ಣೊರೆಸಿಕೊಂಡಳು.

"ಹೂಂ ಕಣ್ ಪದ್ಮಾ," ಅಂದಳು. "ವಂಶ ಒಂದೇ ಅಲ್ವಾ."